ಮಟಿಲ್ಡಾಬಾಯಿ ಮತ್ತು ಒತ್ತಿನ ಕೆಳಗಿನ ಚುಕ್ಕೆ

ಮಟಿಲ್ಡಾಬಾಯಿಯನ್ನು ಇರ್ವಿನ್ ಮೊದಲು ಕಂಡದ್ದು ಜೂನ್ ತಿಂಗಳ ಒಂದು ಮಂಗಳವಾರ, ಬೆಳಗ್ಗೆ ಹತ್ತೂವರೆಯ ಹೊತ್ತಿಗೆ. ಕಾವೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಅವನದೊಂದು ಅಂಗಡಿ. ಹೆಸರು 'ವಿನಿತಾ ಆನ್‌ಲೈನ್ ಸೇವೆ'. ವಿನಿತಾ ಅವನ ಹೆಂಡತಿ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳು ಆ ಅಂಗಡಿಗೆ ಕಾಲಿಟ್ಟದ್ದು ಫಾದರ್ ಬಂದು ಆಶೀರ್ವಚನ ಮಾಡಿದ ದಿನ ಒಮ್ಮೆ ಮಾತ್ರ.

ಆ ಬೆಳಗ್ಗೆ ಬಾಗಿಲಲ್ಲಿ ಕೊಡೆ ಕೊಡವಿ ಒಳಗೆ ಬಂದವರು ಎಪ್ಪತ್ತು ವರ್ಷದ, ಸಣ್ಣ ಆಳಿನ ಒಬ್ಬ ಹೆಂಗಸು. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದರು. ಕೈಯಲ್ಲಿ ಒಂದು ಕೆಂಪು ಪೆನ್ಸಿಲು. ಕೂರುವ ಮೊದಲೇ ಕೇಳಿದರು:

"ನಿನ್ನಲ್ಲಿ ಚುಕ್ಕೆ ಉಂಟಾ?"

"ಫ್ಯಾನ್ಸಿ ಅಂಗಡಿ ಆಚೆ ಬದಿಯಲ್ಲಿ, ಬಾಯಿ. ಇಲ್ಲಿ ಝೆರಾಕ್ಸ್, ಆಧಾರ್, ಪಾಸ್‌ಪೋರ್ಟ್ ಮಾತ್ರ."

"ಹಣೆಯ ಬೊಟ್ಟು ಅಲ್ಲ ಮಾರಾಯಾ! ಅಕ್ಷರದ ಕೆಳಗೆ ಇಡುವ ಚುಕ್ಕೆ. ಜಕಾರದ ಕೆಳಗೆ ಚುಕ್ಕೆ ಇಟ್ಟರೆ ಡಿಸೋಜ಼ ಆಗ್ತದೆ. ಇಡದಿದ್ದರೆ ಸೋಜಿಗದ ಸೋಜ ಆಗ್ತದೆ. ನೀನು ಯಾವುದು?"

"ನಾನು ಲೋಬೊ, ಬಾಯಿ."

"ನೀನು ಬಚಾವ್," ಎಂದು ಅವರು ಕುರ್ಚಿ ಎಳೆದುಕೊಂಡು ಕುಳಿತರು.

ಇರ್ವಿನ್ ತನ್ನ ಕೀಲಿಮಣೆಗೆ ಕನ್ನಡ ಅಕ್ಷರಗಳ ಚೀಟಿಗಳನ್ನು ಅಂಟಿಸಿ ಮೂರು ವರ್ಷವಾಗಿತ್ತು. ಬಲತುದಿಯ ಒಂದು ಕೀಲಿಯ ಚೀಟಿಯಲ್ಲಿ ಅಕ್ಷರವೇ ಇರಲಿಲ್ಲ, ಒಂದು ಕಪ್ಪು ಕಲೆ ಮಾತ್ರ ಇತ್ತು. ನೊಣ ಕೂತ ಗುರುತೆಂದು ತಿಳಿದು ಅವನು ಅದನ್ನು ಎರಡು ಸಲ ಉಗುರಿನಿಂದ ಕೆರೆದೂ ಇದ್ದ. ಮಟಿಲ್ಡಾಬಾಯಿ ಕನ್ನಡಕ ಏರಿಸಿ, ನೇರವಾಗಿ ಆ ನೊಣದ ಮೇಲೆಯೇ ಬೆರಳಿಟ್ಟರು. ತೆರೆಯ ಮೇಲಿದ್ದ ಜಕಾರದ ಕೆಳಗೆ ಅಚ್ಚುಕಟ್ಟಾದ ಒಂದು ಚುಕ್ಕೆ ಬಂದು ಕುಳಿತಿತು.

"ಎಷ್ಟು ಬೇಕಾದರೂ ಬರ್ತದಾ?" ಅವರ ದನಿ ಸಣ್ಣದಾಗಿತ್ತು.

"ಲಕ್ಷ ಹಾಕಿ ಬಾಯಿ. ಕಂಪ್ಯೂಟರಿನಲ್ಲಿ ಚುಕ್ಕೆಗೆ ಬರಗಾಲ ಇಲ್ಲ."

ಆ ಮಾತಿಗೆ ಅವರ ಮುಖ ಅರಳಿದ್ದು ಏಕೆಂದು ಇರ್ವಿನ್‌ಗೆ ಆಗ ತಿಳಿಯಲಿಲ್ಲ. ಮುಂದಿನ ವಾರ ಅವರೇ ಹೇಳಿದರು.

ಮಟಿಲ್ಡಾಬಾಯಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಂಪನಕಟ್ಟೆಯ ಹಿಂದಿನ ಗಲ್ಲಿಯ ಒಂದು ಅಚ್ಚುಕೂಟಕ್ಕೆ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವರು. ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಮೊಳೆ. ಅದನ್ನು ಖಾನೆಯಿಂದ ಹೆಕ್ಕಿ ಸಾಲಾಗಿ ನಿಲ್ಲಿಸಬೇಕು. ಅಲ್ಲಿ ಕೊಂಕಣಿ ಪ್ರಾರ್ಥನೆಯ ಪುಸ್ತಕಗಳೂ ಮದುವೆ ಕಾಗದಗಳೂ ಕನ್ನಡ ಅಕ್ಷರದಲ್ಲೇ ಅಚ್ಚಾಗುತ್ತಿದ್ದವು. ಕೊಂಕಣಿಯ ಕೆಲವು ಉಚ್ಚಾರಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲವಷ್ಟೆ. ಅದಕ್ಕೆ ಈ ಚುಕ್ಕೆ. ಅದಕ್ಕೂ ಕೂದಲೆಳೆಯಷ್ಟು ತೆಳ್ಳಗಿನ ಬೇರೆಯೇ ಮೊಳೆಯಿತ್ತು. ಇಡೀ ಅಚ್ಚುಕೂಟದಲ್ಲಿ ಅಂಥವು ಇದ್ದದ್ದು ಹನ್ನೆರಡು.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಅವರ ಇಗರ್ಜಿಗೆ, ಅಂದರೆ ಚರ್ಚಿಗೆ, ಬೆಳ್ಳಿಹಬ್ಬ ಬಂತು. ಎಲ್ಲ ಕುಟುಂಬಗಳ ಹೆಸರುಳ್ಳ ಒಂದು ಪುಸ್ತಕ ಮಾಡುವುದೆಂದು ತೀರ್ಮಾನವಾಯಿತು. ಮೊಳೆ ಜೋಡಿಸಲು ಕುಳಿತ ಹುಡುಗಿ ಮಟಿಲ್ಡಾ, ಮೊದಲ ಪುಟ ಮುಗಿಯುವುದರೊಳಗೆ ಚುಕ್ಕೆಗಳೂ ಮುಗಿದವೆಂದು ಮ್ಯಾನೇಜರನಿಗೆ ತಿಳಿಸಿದಳು. ಆತ ಪಟ್ಟಿ ನೋಡಿ ಕಟ್ಟಳೆ ಮಾಡಿದ: ಪುಟಕ್ಕೆ ಹನ್ನೆರಡೇ ಚುಕ್ಕೆ, ಮೊದಲು ಫಾದರುಗಳಿಗೆ, ಆಮೇಲೆ ಕಮಿಟಿಯವರಿಗೆ, ಮಿಕ್ಕಿದರೆ ಊರಿನವರಿಗೆ. ಮಿಕ್ಕಲಿಲ್ಲ. ಮಟಿಲ್ಡಾಳ ಅಪ್ಪ ಲೊರೆನ್ಜ಼ೊ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವವರು. ತಮ್ಮ ಡೆನ್ಜ಼ಿಲ್ ಇನ್ನೂ ಶಾಲೆಯ ಹುಡುಗ. ಇಬ್ಬರನ್ನೂ ಅವಳು ತನ್ನ ಕೈಯಿಂದಲೇ ಚುಕ್ಕೆಯಿಲ್ಲದೆ ಜೋಡಿಸಿದಳು.

"ಅಪ್ಪ ಪುಸ್ತಕ ತೆರೆದು ನೋಡಿದ್ದು ಅವರ ಹೆಸರೊಂದೇ," ಎಂದರು ಮಟಿಲ್ಡಾಬಾಯಿ. "ನೋಡಿ, 'ಮೊಳೆ ಬಿದ್ದು ಹೋಯಿತಾ ಮಗಾ?' ಅಂತ ಕೇಳಿದರು. ಹೂಂ ಅಂದೆ. ಈ ಸಲ ಎಪ್ಪತ್ತೈದರ ಹಬ್ಬ, ಹೊಸ ಪುಸ್ತಕ. ನಮ್ಮ ವಾಡೆಯ ಎಂಬತ್ತಮೂರು ಮನೆಯ ಹೆಸರು ಬರೆಯುವುದು ನನ್ನ ಪಾಲಿಗೆ ಬಂದಿದೆ. ಒಂದೇ ಒಂದು ಚುಕ್ಕೆ ಬಿಡುವುದಿಲ್ಲ ನಾನು, ಪುತಾ."

ಪುತಾ ಎಂದರೆ ಕೊಂಕಣಿಯಲ್ಲಿ ಮಗ, ವಾಡೆಯೆಂದರೆ ಇಗರ್ಜಿಯ ಒಂದು ವಿಭಾಗ. ಅದರ ಗುರಿಕಾರ್ತಿ, ಅಂದರೆ ಮುಖ್ಯಸ್ಥೆ, ಮಟಿಲ್ಡಾಬಾಯಿ. ಮದುವೆಯಾಗದ ಅವರು ತಮ್ಮ ಡೆನ್ಜ಼ಿಲ್ ಮತ್ತು ಅವನ ಹೆಂಡತಿ ಕ್ಯಾರಲಳ ಜೊತೆಯಲ್ಲಿ ವಾಸವಾಗಿದ್ದರು. ಚುಕ್ಕೆಯ ವಿಷಯದಲ್ಲಿ ಡೆನ್ಜ಼ಿಲ್‌ಗೆ ಆಸಕ್ತಿಯಿರಲಿಲ್ಲ. "ಚುಕ್ಕೆ ಹಾಕಿದರೆ ನನ್ನ ಶುಗರ್ ಇಳಿಯುತ್ತದಾ?" ಎಂದು ಕೇಳಿ ಅಕ್ಕನ ಕೈಯಿಂದ ಬೈಸಿಕೊಂಡಿದ್ದ.

ಇನ್ನು ಇರ್ವಿನ್‌ನ ಕಂಪ್ಯೂಟರಿನ ವಿಚಾರ. ದೋಹಾದಲ್ಲಿ ಹದಿನಾರು ವರ್ಷ ಏಸಿ ರಿಪೇರಿ ಮಾಡಿ ಊರಿಗೆ ಬಂದ ಅವನು ಅಂಗಡಿ ತೆರೆದ ಮೊದಲ ವರ್ಷವೇ ವೈರಸ್ಸಿನಿಂದ ಮೂರು ಸಲ ಪೆಟ್ಟು ತಿಂದಿದ್ದ. ಆ ಸಿಟ್ಟಿನಲ್ಲಿ, ವೈರಸ್ಸು ತಾಗದಂತೆ, ಕಂಪ್ಯೂಟರಿಗೆ ಲಿನಕ್ಸ್ ಎಂಬ ಬೇರೆಯೇ ವ್ಯವಸ್ಥೆ ಹಾಕಿಕೊಂಡ. ಹಾಕಿಕೊಂಡಮೇಲೆ ಹೊಸದಾಗಿ ಮತ ಸೇರಿದವನ ಹುರುಪು ಬಂತು. ರೇಷನ್ ಕಾರ್ಡ್ ತಿದ್ದಿಸಲು ಬಂದವರಿಗೂ ಲಿನಕ್ಸಿನ ಮಹಿಮೆ ಹೇಳದೆ ಕಳುಹಿಸುತ್ತಿರಲಿಲ್ಲ. ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ಇಟ್ಟಿದ್ದ. ಹಾಗಾಗಿ ಆ ಅಂಗಡಿಯಲ್ಲಿ ಮಾತುಕತೆ ಕೊಂಕಣಿಯಲ್ಲಿ, ತಮಾಷೆ ತುಳುವಿನಲ್ಲಿ, ಕಂಪ್ಯೂಟರಿನ ಗೋಳು ಗ್ರಾಂಥಿಕ ಕನ್ನಡದಲ್ಲಿ ನಡೆಯುತ್ತಿದ್ದವು.

ಮೊದಲ ಮಂಗಳವಾರ ಮಟಿಲ್ಡಾಬಾಯಿ ಹದಿನಾರು ಮನೆಗಳ ಹೆಸರು ಮುಗಿಸಿದ್ದರು. ಪುಸ್ತಕದ ಕಮಿಟಿಯವರು ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿಸಿದ್ದರು. ಇಪ್ಪತ್ತು ಮನೆ ತುಂಬಿದಮೇಲೆ ಕೆಳಗೆ 'ಉಳಿಸು' ಎಂದು ಒತ್ತಬೇಕು, ಅಲ್ಲಿಯವರೆಗೆ ಬರೆದದ್ದಕ್ಕೆ ಯಾರೂ ಹೊಣೆಯಲ್ಲ. ಹದಿನೇಳನೆಯ ಮನೆಗೆ ಬಂದಾಗ ತೆರೆ ಒಮ್ಮೆ ಬೆಳ್ಳಗಾಯಿತು. ನಡುವಿನಲ್ಲಿ ಎರಡು ಸಾಲು ಮೂಡಿದವು: 'ಅಯ್ಯೋ! ಈ ಪುಟವು ಬಿದ್ದುಹೋಗಿದೆ. ಕ್ಷಮಿಸಿ.'

"ಅಯ್ಯೋ ಅಂತ ನಾನು ಹೇಳಬೇಕು," ಎಂದರು ಮಟಿಲ್ಡಾಬಾಯಿ. "ಅದು ಯಾಕೆ ಹೇಳುವುದು?"

ಇರ್ವಿನ್ ಕಕ್ಕಾಬಿಕ್ಕಿಯಾದ. "ಬಿದ್ದದ್ದು ಬ್ರೌಸರ್ ಬಾಯಿ. ಲಿನಕ್ಸ್ ಬೀಳಲಿಲ್ಲ. ಲಿನಕ್ಸ್ ಬೀಳುವುದೇ ಇಲ್ಲ."

ಪಕ್ಕದ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಲೋಕಯ್ಯ ಕೊರಳಿನ ಅಳತೆ ಟೇಪಿನೊಂದಿಗೆ ಇಣುಕಿದರು. ಅವರಿಗೆ ಅರುವತ್ತು ದಾಟಿತ್ತು. ಇರ್ವಿನ್‌ನ ಅಂಗಡಿಯಲ್ಲಿ ಏನು ನಡೆದರೂ ಅವರ ಹೊಲಿಗೆ ಯಂತ್ರ ತಾನಾಗಿ ನಿಲ್ಲುತ್ತಿತ್ತು.

"ಬಸ್ಸು ಬೀಳಲಿಲ್ಲ, ಒಳಗೆ ಕೂತವರು ಮಾತ್ರ ಬಿದ್ದದ್ದು ಅಂತ ಹೇಳಿದ ಹಾಗಾಯಿತು ನಿನ್ನದು," ಎಂದು ಹೇಳಿ ಹೋದರು.

ಮುಂದಿನ ಮಂಗಳವಾರ ಹನ್ನೊಂದನೆಯ ಮನೆಯಲ್ಲಿ ಬಿತ್ತು. ಅದರ ಮುಂದಿನ ವಾರ ಮೂರನೆಯ ಮನೆಯಲ್ಲೇ ಬಿತ್ತು. ಒಂದು ವಾರ ಮಾತ್ರ ಬೀಳದೆ ಇಪ್ಪತ್ತು ಮನೆ ಉಳಿಯಿತು. ಆ ದಿನ ಮಟಿಲ್ಡಾಬಾಯಿ ಎಲ್ಲರಿಗೂ ಬನ್ಸ್ ಕೊಡಿಸಿದರು. ಬನ್ಸ್ ತಿಂದ ಮರುವಾರ ಎರಡು ಸಲ ಬಿತ್ತು. ವಾರದ ಮಿಕ್ಕ ದಿನಗಳಲ್ಲಿ ಅದೇ ಬ್ರೌಸರು ಕಲ್ಲಿನ ಕಂಬದ ಹಾಗೆ ನಿಂತಿರುತ್ತಿತ್ತು.

ಏಸಿ ರಿಪೇರಿಯ ಕಾಲದಿಂದಲೂ ಇರ್ವಿನ್‌ಗೆ ಒಂದು ಪದ್ಧತಿ. ಯಂತ್ರ ಕೈಕೊಟ್ಟಾಗಲೆಲ್ಲ ಗೀಟು ಹಾಕಿದ ಪುಸ್ತಕದಲ್ಲಿ ಬರೆದಿಡಬೇಕು. ದಿನ, ಗಂಟೆ, ಕರೆಂಟು ಹೇಗಿತ್ತು, ಮೋಡವೋ ಬಿಸಿಲೋ, ಅಂಗಡಿಯಲ್ಲಿ ಯಾರಿದ್ದರು ಎಲ್ಲವನ್ನೂ ಅವನು ಬರೆದ. ಕೊನೆಯ ಕಲಂ 'ಕಾರಣ'. ಮೊದಲ ಮೂರು ಸಲ ಅಲ್ಲಿ ಪ್ರಶ್ನೆಯ ಗುರುತು ಹಾಕಿದ್ದ. ನಾಲ್ಕನೆಯ ಸಲ ಸ್ವಲ್ಪ ಹೊತ್ತು ಪೆನ್ನು ಎತ್ತಿ ಹಿಡಿದು, 'ಮ. ಬಾ.' ಎಂದು ಬರೆದ. ಆಮೇಲೆ ಕೆಳಗಿನ ಸಾಲುಗಳಿಗೆ 'ಮೇಲಿನಂತೆ' ಎಂಬ ಗುರುತು ಹಾಕಿಕೊಂಡು ಹೋದ.

ಲೋಕಯ್ಯ ಅದನ್ನು ಬಾಯಿಬಿಟ್ಟೇ ಹೇಳಿದರು. "ನಾನು ಕೆಟ್ಟದ್ದು ಹೇಳುವುದಲ್ಲ ಮಾರಾಯ. ಬಾಯಮ್ಮ ಒಳ್ಳೆಯ ಜನ. ಆದರೆ ಕೆಲವರ ಗಾಳಿ ಮಿಷಿನಿಗೆ ಆಗುವುದಿಲ್ಲ. ನನ್ನ ಭಾವನೊಬ್ಬ ಇದ್ದ. ಅವನು ಕೂತರೆ ಸಾಕು, ಹೊಲಿಗೆ ಮಿಷಿನಿನ ಸೂಜಿ ಪಟಕ್ಕನೆ ತುಂಡು."

"ಅದೆಲ್ಲ ಮೂಢನಂಬಿಕೆ ಲೋಕಯ್ಯಣ್ಣ."

"ಹೌದು ಹೌದು. ಹಾಗಾದರೆ ನಿನ್ನ ಪುಸ್ತಕದಲ್ಲಿ 'ಮ. ಬಾ.' ಅಂದರೆ ಎಂತ? ಮಳೆ ಬಾರದಾ?"

ಮರುದಿನ ಅಂಗಡಿಯ ಬಾಗಿಲಲ್ಲಿ ಲಿಂಬೆಹುಳಿಯೂ ಹಸಿಮೆಣಸೂ ತೂಗಾಡುತ್ತಿದ್ದವು. ಇರ್ವಿನ್ ಅದನ್ನು ಕಿತ್ತು ಒಳಗಿಟ್ಟ. ಬಿಸಾಡಲಿಲ್ಲ.

ಜುಲೈ ಕೊನೆಗೆ ಅವನು ಆ ಬ್ರೌಸರನ್ನು ಮಾಡುವವರಿಗೇ ದೂರು ಬರೆದ. ಯಾವುದೋ ದೇಶದಲ್ಲಿ ಕುಳಿತು ಇಂಥ ದೂರುಗಳನ್ನು ಓದಿ ಸರಿಪಡಿಸುವವರಿದ್ದಾರೆಂದು ಅವನಿಗೆ ಗೊತ್ತಿತ್ತು. ತನ್ನ ಗೀಟಿನ ಪುಸ್ತಕ ನೋಡಿ, ದೋಹಾದ ಇಂಗ್ಲಿಷಿನಲ್ಲಿ ಎಲ್ಲವನ್ನೂ ನಿವೇದಿಸಿದ: ಬ್ರೌಸರು ಮಂಗಳವಾರ ಬೀಳುತ್ತದೆ, ಮೋಡವಿದ್ದರೂ ಇಲ್ಲದಿದ್ದರೂ ಬೀಳುತ್ತದೆ, ಶ್ರೀಮತಿ ಮಟಿಲ್ಡಾ ಇರುವಾಗ ಮಾತ್ರ ಬೀಳುತ್ತದೆ.

ಎರಡು ದಿನದಲ್ಲಿ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. 'ವರದಿಗಾಗಿ ಧನ್ಯವಾದಗಳು. ಶ್ರೀಮತಿ ಮಟಿಲ್ಡಾ ಎಂಬುದು ನೀವು ಹಾಕಿಕೊಂಡಿರುವ ಹೆಚ್ಚುವರಿ ತಂತ್ರಾಂಶವೇ? ದಯವಿಟ್ಟು ಶ್ರೀಮತಿ ಮಟಿಲ್ಡಾವನ್ನು ತೆಗೆದುಹಾಕಿ, ಇನ್ನೊಮ್ಮೆ ಪ್ರಯತ್ನಿಸಿ, ಫಲಿತಾಂಶ ತಿಳಿಸಿ.'

ಇರ್ವಿನ್ ನಕ್ಕು ನಕ್ಕು ಕಣ್ಣೊರೆಸಿಕೊಂಡ. ವಿನಿತಾಳಿಗೆ ತೋರಿಸಲೆಂದು ಅದನ್ನು ಮುದ್ರಿಸಿ ಗೀಟಿನ ಪುಸ್ತಕದ ನಡುವಿನಲ್ಲಿಟ್ಟ. ತಪ್ಪಾದದ್ದು ಅಲ್ಲಿ.

ಆಗಸ್ಟಿನ ಮೊದಲ ಮಂಗಳವಾರ ಅವನು ಹಿಂದಿನ ಕೋಣೆಯಲ್ಲಿ ಝೆರಾಕ್ಸ್ ಯಂತ್ರಕ್ಕೆ ಕಾಗದ ತುಂಬುತ್ತಿದ್ದಾಗ ಮಟಿಲ್ಡಾಬಾಯಿ ಬಂದು ಕುಳಿತರು. ಎದುರಿಗಿದ್ದ ಪುಸ್ತಕ ಕಣ್ಣಿಗೆ ಬಿತ್ತು. ಬರೆದದ್ದು ಯಾವುದೇ ಇರಲಿ, ಎದುರಿಗೆ ಸಿಕ್ಕಿದರೆ ತಿದ್ದದೆ ಬಿಡುವ ಅಭ್ಯಾಸ ಅವರಿಗಿಲ್ಲ. ಇರ್ವಿನ್ ಮರಳಿ ಬಂದಾಗ ಅವರು ಕೆಂಪು ಪೆನ್ಸಿಲು ಹಿಡಿದು ಕೊನೆಯ ಪುಟದಲ್ಲಿದ್ದರು.

"'ಹವಮಾನ' ಅಲ್ಲ, 'ಹವಾಮಾನ'," ಎಂದರು ಮಟಿಲ್ಡಾಬಾಯಿ, ತಲೆ ಎತ್ತದೆ. "ಏಳು ಕಡೆ ತಪ್ಪಿದ್ದೀ. ಮತ್ತೆ, ಈ ಕಾಗದದಲ್ಲಿ ಶ್ರೀಮತಿ ಅಂತ ಉಂಟು. ನಾನು ಕುಮಾರಿ."

"ಬಾಯಿ, ಅದು ತಮಾಷೆಗೆ..."

"ತೆಗೆದುಹಾಕಿ ನೋಡಬೇಕಂತಲ್ಲ. ನೋಡು." ಕೊಡೆ ತೆಗೆದುಕೊಂಡು ಎದ್ದರು. ಬಾಗಿಲಲ್ಲಿ ಮೊಳೆಯಿಂದ ಇನ್ನೂ ನೇತಾಡುತ್ತಿದ್ದ ದಾರದ ತುಂಡನ್ನು ಒಮ್ಮೆ ನೋಡಿದರು. ಕೆಳಗಿಳಿದು ಹೋದರು.

ಆ ವಾರ ವಿನಿತಾಳೂ ನಗಲಿಲ್ಲ. "ಎಪ್ಪತ್ತು ವರ್ಷದ ಹೆಂಗಸಿಗೆ ಎದುರಿನಲ್ಲಿ ಹೇಳಲು ಆಗದ್ದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೀರಲ್ಲ, ನೀವು ಎಂತ ಗಂಡಸು?" ಎಂದು ಕೇಳಿದಳು.

ಮಟಿಲ್ಡಾಬಾಯಿ ಬರಲಿಲ್ಲ. ಬಂದವರು ಕಜೆಟನ್ ಬಾಬ್; ಬಾಬ್ ಎಂದರೆ ಕೊಂಕಣಿಯ ರಾಯರು. ಅವರು ಪುಸ್ತಕದ ಕಮಿಟಿಯ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತರು, ಮಾತು ಮಾತಿಗೆ ಕೈಗಡಿಯಾರ ನೋಡುವವರು. ಸೆಪ್ಟೆಂಬರ್ ಎಂಟರ ಮೊಂತಿ ಹಬ್ಬದಂದು, ಹೊಸ ಭತ್ತದ ತೆನೆಯನ್ನು ಆಶೀರ್ವದಿಸುವ ದಿನವೇ, ಪುಸ್ತಕ ಹೊರಬರಬೇಕು. ಆಗಸ್ಟ್ ಇಪ್ಪತ್ತಕ್ಕೆ ಎಲ್ಲ ಹೆಸರೂ ಪ್ರೆಸ್ಸಿಗೆ ಹೋಗಬೇಕು. ಎಲ್ಲ ವಾಡೆಗಳದ್ದೂ ಬಂದಿತ್ತು, ಮಟಿಲ್ಡಾಬಾಯಿಯದರಲ್ಲಿ ಅರುವತ್ತಮೂರು ಮನೆ ಬಾಕಿ.

"ಅವರಿಗೆ ಆಗುವುದಿಲ್ಲವಂತೆ. ಪಟ್ಟಿ ನನ್ನ ಕೈಯಲ್ಲಿ ಕೊಟ್ಟಿದ್ದಾರೆ. ಕೊಡು, ನಾನೇ ಹೊಡೆದು ಮುಗಿಸುತ್ತೇನೆ," ಎಂದು ಕಜೆಟನ್ ಬಾಬ್ ಕುಳಿತರು. ಬೆಳಗ್ಗೆ ಹತ್ತಕ್ಕೆ ಕುಳಿತವರು ಊಟದ ಹೊತ್ತಿಗೆ ಅರುವತ್ತಮೂರು ಮನೆಗಳನ್ನೂ ಮುಗಿಸಿ, 'ಉಳಿಸು' ಒತ್ತಿ, ಗಡಿಯಾರ ನೋಡಿ ಎದ್ದರು. ಬ್ರೌಸರು ಒಂದು ಸಲವೂ ಬೀಳಲಿಲ್ಲ. ಕೆಮ್ಮಲೂ ಇಲ್ಲ.

ಲೋಕಯ್ಯ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ನೋಡಿದರು. "ನಾನೇನೂ ಹೇಳುವುದಿಲ್ಲಪ್ಪ," ಎಂದರು. ಆ ದಿನವಿಡೀ ಅದನ್ನೇ ಹೇಳುತ್ತಿದ್ದರು.

ಇರ್ವಿನ್‌ಗೆ ಮಾತ್ರ ಬ್ರೌಸರು ಬಿದ್ದಿದ್ದರೆ ಚೆನ್ನಾಗಿತ್ತೆಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು. ಹೆಸರುಗಳನ್ನು ಮುದ್ರಿಸಿ, ತಿದ್ದುಪಡಿಗಾಗಿ ಮಟಿಲ್ಡಾಬಾಯಿಯ ಮನೆಗೆ ಕಳುಹಿಸಿಕೊಟ್ಟ. ಅದು ಕಮಿಟಿಯ ನಿಯಮ. ಗುರಿಕಾರರ ಸಹಿಯಿಲ್ಲದೆ ಪಟ್ಟಿ ಪ್ರೆಸ್ಸಿಗೆ ಹೋಗುವಂತಿಲ್ಲ.

ಆಗಸ್ಟ್ ಹತ್ತೊಂಬತ್ತು, ಸೋಮವಾರ. ಕಜೆಟನ್ ಬಾಬ್ ಸಹಿಯಾದ ಪಟ್ಟಿಗಾಗಿ ಅಂಗಡಿಯಲ್ಲಿ ಕಾಯುತ್ತಿದ್ದರು. ಮಟಿಲ್ಡಾಬಾಯಿ ಮೆಟ್ಟಿಲು ಹತ್ತಿ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲಿನ ಹೊರಗೇ ನಿಂತು ಕಾಗದದ ಕಟ್ಟನ್ನು ಚಾಚಿದರು.

ಪುಟಗಳೆಲ್ಲ ಕೆಂಪಾಗಿದ್ದವು.

"ಇನ್ನೂರ ಹದಿನಾಲ್ಕು," ಎಂದರು ಮಟಿಲ್ಡಾಬಾಯಿ. "ಇನ್ನೂರ ಹದಿನಾಲ್ಕು ಚುಕ್ಕೆ ತಿಂದಿದ್ದೀರಿ, ಕಜೆಟನ್ ಬಾಬ್."

"ಚುಕ್ಕೆಯಾ? ಬಾಯಿ, ಅದೆಲ್ಲ ಈಗ ಯಾರು ನೋಡ್ತಾರೆ? ಓದುವವರಿಗೆ ಅಂದಾಜಾಗ್ತದೆ."

"ಇದೇ ಮಾತು ಎಪ್ಪತ್ತನಾಲ್ಕರಲ್ಲಿ ನಮ್ಮ ಮ್ಯಾನೇಜರ್ ಹೇಳಿದ್ದು. ಅವರಲ್ಲಿ ಹನ್ನೆರಡು ಚುಕ್ಕೆಯಾದರೂ ಇತ್ತು. ನಿಮ್ಮಲ್ಲಿ ಲಕ್ಷ ಉಂಟು, ಒಂದೂ ಇಡಲಿಲ್ಲ. ನಾನು ಸಹಿ ಹಾಕುವುದಿಲ್ಲ."

"ನಾಳೆ ಪ್ರೆಸ್ಸಿಗೆ ಹೋಗಬೇಕು ಬಾಯಿ! ನಿಮ್ಮ ವಾಡೆಯ ಹೆಸರೇ ಇಲ್ಲದೆ ಪುಸ್ತಕ ಬರ್ತದೆ!"

"ಬರಲಿ. ತಪ್ಪು ಹೆಸರಿಗಿಂತ ಖಾಲಿ ಕಾಗದ ಚೆಂದ," ಎಂದರು ಮಟಿಲ್ಡಾಬಾಯಿ.

ಇರ್ವಿನ್ ಆ ಕೆಂಪು ಗುರುತುಗಳನ್ನೇ ನೋಡುತ್ತಿದ್ದ. ಅದೇ ಕಂಪ್ಯೂಟರು, ಅದೇ ಪುಟ, ಅದೇ ಹೆಸರುಗಳು. ಮಟಿಲ್ಡಾಬಾಯಿ ಹೊಡೆದರೆ ಬೀಳುತ್ತದೆ, ಕಜೆಟನ್ ಬಾಬ್ ಹೊಡೆದರೆ ಬೀಳುವುದಿಲ್ಲ. ಇಬ್ಬರಿಗೂ ಇರುವ ವ್ಯತ್ಯಾಸ ಕೆಂಪು ಪೆನ್ಸಿಲಿನಲ್ಲಿ ಇನ್ನೂರ ಹದಿನಾಲ್ಕು ಕಡೆ ಗುರುತಾಗಿದೆ. ಗೀಟಿನ ಪುಸ್ತಕದಲ್ಲಿ ಅವನು ಮೋಡ ಬರೆದಿದ್ದ, ಕರೆಂಟು ಬರೆದಿದ್ದ, ಮನುಷ್ಯರನ್ನು ಬರೆದಿದ್ದ. ಅವರು ಹೊಡೆಯುತ್ತಿದ್ದ ಅಕ್ಷರ ಯಾವುದೆಂದು ಒಂದು ಸಲವೂ ಬರೆದಿರಲಿಲ್ಲ.

"ಬಾಯಿ!" ಎಂದು ಕೂಗಿದ. "ನೀವು ಸ್ವಲ್ಪ ರಸ್ತೆ ದಾಟಿ ಬಸ್ ಸ್ಟಾಪಿನಲ್ಲಿ ನಿಲ್ಲುತ್ತೀರಾ?"

"ಹೊಸ್ತಿಲೂ ಆಗುವುದಿಲ್ಲವಾ ಈಗ?"

"ಹಾಗಲ್ಲ ಬಾಯಿ. ನೀವು ಅಷ್ಟು ದೂರ ಇದ್ದೂ ಬೀಳಬೇಕು. ಆವಾಗ ಲೋಕಯ್ಯಣ್ಣನ ಬಾಯಿ ಮುಚ್ಚುತ್ತದೆ. ಲೋಕಯ್ಯಣ್ಣ, ಬನ್ನಿ, ನೀವು ಕೂತು ಟೈಪ್ ಮಾಡಿ."

"ನಾನಾ? ನನ್ನ ಗಾಳಿ ಒಳ್ಳೆಯದುಂಟು ಮಾರಾಯ, ನಾನು ಕೂತರೆ ಬೀಳುವುದಿಲ್ಲ," ಎನ್ನುತ್ತಲೇ ಲೋಕಯ್ಯ ಟೇಪು ಸರಿಪಡಿಸಿಕೊಂಡು ಕುಳಿತರು. ಮಟಿಲ್ಡಾಬಾಯಿ ರಸ್ತೆ ದಾಟಿ, ಕೊಡೆ ಬಿಡಿಸಿ, ಬಸ್ಸಿಗೆ ಕಾಯುವವರ ನಡುವೆ ನಿಂತರು. ಇರ್ವಿನ್ ಹೇಳಿಕೊಟ್ಟ ಹಾಗೆ ಲೋಕಯ್ಯ ಒಂದೇ ಬೆರಳಿನಲ್ಲಿ ಕುಟ್ಟಿದರು: ಡೆ, ನ, ಒತ್ತು ಜ, ಅದರ ಕೆಳಗೆ ನೊಣ. ಡೆನ್ಜ಼ಿಲ್.

ಏನೂ ಆಗಲಿಲ್ಲ.

ಮತ್ತೊಮ್ಮೆ ಹೊಡೆದರು. ಆಗಲೂ ಬ್ರೌಸರು ಗುಂಡುಕಲ್ಲಿನ ಹಾಗಿತ್ತು. "ನಾನೇನೂ ಹೇಳುವುದಿಲ್ಲಪ್ಪ," ಎಂದರು ಲೋಕಯ್ಯ. ಇರ್ವಿನ್ ಬಾಗಿಲಿಗೆ ಓಡಿ ಎರಡೂ ಕೈ ಅಲ್ಲಾಡಿಸಿ 'ಬೀಳಲಿಲ್ಲ' ಎಂದು ಸನ್ನೆ ಮಾಡಿದ.

ಮಟಿಲ್ಡಾಬಾಯಿ ಬೆರಳಿನಿಂದ ಗಾಳಿಯಲ್ಲೇ ಒಂದು ಸಾಲು ಎಳೆದು ನೋಡಿದರು. ಆಮೇಲೆ ಆಚೆಯಿಂದ ಕೂಗಿದರು. "ಸಾಲಿನ..."

ಸಿಟಿ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

"ಎಂತದು ಬಾಯಿ?"

"ಸಾಲಿನ ಕೊನೆಗೆ ತಾ ಅವನನ್ನು!" ಇನ್ನೊಂದು ಬಸ್ಸು ನಿಂತಿತು. ಕಂಡಕ್ಟರ್ ಇಳಿದು, "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್, ಹತ್ತಿ ಬಾಯಮ್ಮ!" ಎಂದ. "ನಾನು ಬರುವುದಿಲ್ಲ, ನೀನು ಹೋಗು!" ಎಂದು ಅವನನ್ನು ಗದರಿಸಿ, ಬಸ್ಸು ಸರಿದಮೇಲೆ ಕೊಡೆಯನ್ನು ಎತ್ತಿ ಎತ್ತಿ ಕೂಗಿದರು: "ನಮ್ಮ ಪ್ರೆಸ್ಸಿನಲ್ಲೂ ಹಾಗೆಯೇ! ನಡುವಿನಲ್ಲಿದ್ದರೆ ಆಚೀಚಿನ ಮೊಳೆ ಚುಕ್ಕೆಯನ್ನು ಹಿಡ್ಕೊಳ್ತದೆ! ಒತ್ತಿನ ಕೆಳಗಿನ ಚುಕ್ಕೆ ಸಾಲಿನ ಕೊನೆಗೆ ಬಂದರೆ ಹಿಡಿಯುವವರಿಲ್ಲ! ಅದೂ ಬೀಳ್ತದೆ, ಸಾಲನ್ನೂ ಬೀಳಿಸ್ತದೆ! ಮುಂದೆ ಹೆಸರು ತುಂಬಿಸು!"

"ಮುಂದೆ ಯಾರ ಹೆಸರು ತುಂಬಿಸುವುದು?" ಎಂದು ಲೋಕಯ್ಯ ಕೇಳಿದರು.

"ನಿಮ್ಮ ಮನೆಯವರದ್ದೇ ಹಾಕಿ!"

ಲೋಕಯ್ಯ ಬೆವರುತ್ತ ಕುಟ್ಟಿದರು. ಲೋಕಯ್ಯ, ಹೆಂಡತಿ ಕಿನ್ನಿ, ಮೊಮ್ಮಗ ಮೋಕ್ಷಿತ್, ಮೊಮ್ಮಗಳು ಪ್ರಾಪ್ತಿ. ಸಾಲು ಇನ್ನೂ ಸ್ವಲ್ಪ ಉಳಿದಿತ್ತು. ಅದರ ತುದಿಯಲ್ಲಿ, ತಮ್ಮ ಕುಟುಂಬದ ಐದನೆಯ ಸದಸ್ಯನಾಗಿ, ಡೆನ್ಜ಼ಿಲ್‌ನನ್ನು ಸೇರಿಸಿದರು.

'ಅಯ್ಯೋ! ಈ ಪುಟವು ಬಿದ್ದುಹೋಗಿದೆ. ಕ್ಷಮಿಸಿ.'

"ಬಿತ್ತು!" ಎಂದು ಇರ್ವಿನ್ ಮೆಟ್ಟಿಲಿನಿಂದ ಹಾರಿದ. "ಬಾಯಿ, ಬಿತ್ತು! ಲೋಕಯ್ಯಣ್ಣನ ಕೈಯಿಂದ ಬಿತ್ತು!"

ಬಸ್ ಸ್ಟಾಪಿನಲ್ಲಿ ಮಟಿಲ್ಡಾಬಾಯಿ ಚಪ್ಪಾಳೆ ತಟ್ಟಿದರು. ಎಂತ ಬಿತ್ತು, ಯಾರಿಗೆ ಪೆಟ್ಟಾಯಿತು ಎಂದು ಸುತ್ತಲಿನವರು ಗಾಬರಿಯಿಂದ ವಿಚಾರಿಸತೊಡಗಿದರು. ಲೋಕಯ್ಯ ತೆರೆಯನ್ನೂ ತಮ್ಮ ಬೆರಳನ್ನೂ ಒಂದೇ ಸಮನೆ ನೋಡಿದರು. "ಇದು ನನ್ನ ಭಾವನ ಗಾಳಿ," ಎಂದರು.

ಮಟಿಲ್ಡಾಬಾಯಿ ಈ ಸಲ ಹೊಸ್ತಿಲು ದಾಟಿ ಒಳಗೆ ಬಂದು ಕುರ್ಚಿಯ ಮೇಲೆಯೇ ಕುಳಿತರು. ಸಂಗತಿ ತಿಳಿದಮೇಲೆ ಉಪಾಯ ಸುಲಭವಾಯಿತು. ಡೆನ್ಜ಼ಿಲ್, ಲೊರೆನ್ಜ಼ೊ ಮೊದಲಾದವರು ಸಾಲಿನ ಕೊನೆಗೆ ಬರುವ ಮುಂಚೆಯೇ ಎಂಟರ್ ಒತ್ತಿ ಅವರನ್ನು ಮುಂದಿನ ಸಾಲಿನ ಮೊದಲಲ್ಲಿ ಕೂರಿಸುವುದು. "ಐವತ್ತು ವರ್ಷ ಹಿಂದೆ ನಿಂತವರು, ಇನ್ನು ಮುಂದೆ ಕೂರಲಿ," ಎಂದರು ಮಟಿಲ್ಡಾಬಾಯಿ. ಅವರು ಹೆಸರು ಓದುವುದು, ಇರ್ವಿನ್ ಹೊಡೆಯುವುದು, ಕಜೆಟನ್ ಬಾಬ್ ಚುಕ್ಕೆ ಎಣಿಸುವುದು. ಎಣಿಸುವ ಕೆಲಸ ಬ್ಯಾಂಕಿನವರಿಗೆ ಒಗ್ಗಿತು. ಆ ಮಧ್ಯಾಹ್ನವೆಲ್ಲ ಅವರು ಗಡಿಯಾರ ನೋಡಿದ್ದು ಎರಡೇ ಸಲ. ಇಳಿಹೊತ್ತಿಗೆ ಇನ್ನೂರ ಹದಿನಾಲ್ಕು ಚುಕ್ಕೆಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ಮಟಿಲ್ಡಾಬಾಯಿ ಸಹಿ ಹಾಕಿದರು.

ಎಲ್ಲರೂ ಹೋದಮೇಲೆ ಇರ್ವಿನ್ ಗೀಟಿನ ಪುಸ್ತಕ ತೆರೆದು, 'ಮ. ಬಾ.' ಎಂದಿದ್ದ ಕಡೆ ಬಿಳಿ ಬಣ್ಣ ಬಳಿಯಲು ಹೊರಟ. ಕೊಡೆ ಮರೆತು ಹಿಂದೆ ಬಂದಿದ್ದ ಮಟಿಲ್ಡಾಬಾಯಿ ಅವನ ಕೈ ಹಿಡಿದರು.

"ಪ್ರೂಫಿನಲ್ಲಿ ಅಳಿಸುವ ಕ್ರಮ ಇಲ್ಲ ಪುತಾ. ಗೀಟು ಹಾಕಿ ಪಕ್ಕದಲ್ಲಿ ಸರಿಯಾದದ್ದು ಬರೆಯುವುದು." ಕೆಂಪು ಪೆನ್ಸಿಲನ್ನು ಅವನ ಕೈಗೆ ಕೊಟ್ಟರು. ಇರ್ವಿನ್ ಗೀಟು ಹಾಕಿ, 'ಒತ್ತಿನ ಕೆಳಗಿನ ಚುಕ್ಕೆ, ಸಾಲಿನ ಕೊನೆಯಲ್ಲಿ' ಎಂದು ಬರೆದ. "ತಪ್ಪಾಯಿತು ಬಾಯಿ," ಎಂದೂ ಹೇಳಿದ. ಅದನ್ನು ಬರೆಯಲಿಲ್ಲ, ಬಾಯಿಯಿಂದಲೇ ಹೇಳಿದ.

"ಎಲ್ಲಿ, 'ಹವಾಮಾನ' ಬರೆ ನೋಡುವಾ," ಎಂದರು ಮಟಿಲ್ಡಾಬಾಯಿ. ಈ ಸಲ ಅವನು ಸರಿಯಾಗಿ ಬರೆದ.

ಮೊಂತಿ ಹಬ್ಬದ ದಿನ ಪುಸ್ತಕ ಬಂತು. ಪುಟ ನಲವತ್ತೊಂದರಲ್ಲಿ, ಮಟಿಲ್ಡಾಬಾಯಿಯ ಮನೆಯ ಹೆಸರಿನ ಕೆಳಗೆ, ದಿವಂಗತ ಲೊರೆನ್ಜ಼ೊ ಸಾಲಿನ ಮೊದಲಲ್ಲೇ ಚುಕ್ಕೆಯಿಟ್ಟುಕೊಂಡು ಕುಳಿತಿದ್ದರು. ಡೆನ್ಜ಼ಿಲ್ ಪುಸ್ತಕವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, "ಅಲ್ಲೊಂದು ನೊಣ ಕೂತಿದೆ," ಎಂದ. ಆಮೇಲೆ ಅಕ್ಕನಿಗೆ ಕಾಣದ ಹಾಗೆ ಆ ಪುಟಕ್ಕೆ ಗುರುತಿಟ್ಟು ಬೀರುವಿನೊಳಗೆ ಇರಿಸಿದನೆಂದು ಕ್ಯಾರಲ್ ಹೇಳಿದಳು.

ಇರ್ವಿನ್ ಎರಡನೆಯ ಸಲ ಬರೆದ ದೂರಿಗೆ ಆ ದೂರದೇಶದವರು ಬಹಳ ಕೃತಜ್ಞತೆ ತೋರಿಸಿದರು. ಅಕ್ಷರಗಳನ್ನು ತೆರೆಯ ಮೇಲೆ ಜೋಡಿಸುವ ಭಾಗದಲ್ಲಿ ಹಳೆಯ ತಪ್ಪೊಂದಿತ್ತಂತೆ. ಒತ್ತಿಗೂ ಚುಕ್ಕೆಗೂ ಸಾಲಿನ ಕೊನೆಯಲ್ಲಿ ಜಾಗ ಲೆಕ್ಕ ಹಾಕುವಾಗ ಎಡವುತ್ತಿತ್ತಂತೆ. ನವೆಂಬರಿನ ಹೊಸ ಆವೃತ್ತಿಯಲ್ಲಿ ಸರಿಯಾಯಿತು. ದೂರಿನ ಕೊನೆಗೆ ಅವರು ಒಂದು ಸಾಲು ಸೇರಿಸಿದ್ದರು: 'ದೃಢಪಟ್ಟಿದೆ. ಇದಕ್ಕೆ ಕುಮಾರಿ ಮಟಿಲ್ಡಾ ಕಾರಣವಲ್ಲ.' ಇರ್ವಿನ್ ಅದನ್ನು ದಪ್ಪಕ್ಷರದಲ್ಲಿ ಮುದ್ರಿಸಿ, ಕಟ್ಟು ಹಾಕಿಸಿ, ಲಿಂಬೆಹುಳಿ ತೂಗಾಡಿದ್ದ ಮೊಳೆಗೇ ನೇತುಹಾಕಿದ. ಆಧಾರ್ ತಿದ್ದಿಸಲು ಬಂದವರು ಅದನ್ನು ಓದಿ, ಏನು ಮೊಕದ್ದಮೆಯೆಂದು ಕೇಳುತ್ತಾರೆ. ಹೇಳುವ ಕೆಲಸವನ್ನು ಲೋಕಯ್ಯ ವಹಿಸಿಕೊಂಡಿದ್ದಾರೆ. ಅವರು ಹೇಳುವ ಕಥೆಯಲ್ಲಿ ಚುಕ್ಕೆಯನ್ನು ಕಂಡುಹಿಡಿದವರು ಲೋಕಯ್ಯ.

ಪುಸ್ತಕ ಮುಗಿದರೂ ಮಂಗಳವಾರ ನಿಲ್ಲಲಿಲ್ಲ. ಬ್ರೌಸರಿನ ಹೊಸ ಆವೃತ್ತಿ ಬಂತೆಂದರೆ ಇರ್ವಿನ್ ಫೋನ್ ಮಾಡುತ್ತಾನೆ. ಮಟಿಲ್ಡಾಬಾಯಿ ಕೊಡೆ ಕೊಡವಿ ಬಂದು ಕೂರುತ್ತಾರೆ. ಕೈಯಲ್ಲಿ ಅವರೇ ತಯಾರಿಸಿದ ಪರೀಕ್ಷೆಯ ಹಾಳೆ. ಅದರಲ್ಲಿ ಒತ್ತಿಗೆ ಒತ್ತು, ಚುಕ್ಕೆಗೆ ಚುಕ್ಕೆ ಸೇರಿಸಿ, ಯಾವ ತಾಯಿಯೂ ಮಗುವಿಗಿಡದ ಹೆಸರುಗಳು. ಒಂದೊಂದನ್ನೂ ಸಾಲಿನ ಮೊದಲಲ್ಲಿ, ನಡುವಿನಲ್ಲಿ, ಕೊನೆಯಲ್ಲಿ ಹೊಡೆದು ನೋಡುತ್ತಾರೆ. ಆಮೇಲೆ ಗೀಟಿನ ಪುಸ್ತಕದಲ್ಲಿ ನೂರಕ್ಕೆ ಇಂತಿಷ್ಟೆಂದು ಅಂಕ ಕೊಡುತ್ತಾರೆ. ಈವರೆಗೆ ತೊಂಬತ್ತರ ಮೇಲೆ ಯಾರಿಗೂ ಸಿಕ್ಕಿಲ್ಲ.

ಕಳೆದ ಮಂಗಳವಾರ ಎಲ್ಲ ಹೆಸರುಗಳೂ ಗಟ್ಟಿಯಾಗಿ ನಿಂತವು. ಮಟಿಲ್ಡಾಬಾಯಿಯ ಮುಖ ಸಪ್ಪೆಯಾಯಿತು. ಹಾಳೆ ಮಡಚಿ ಏಳಲು ಹೊರಟವರು ಏನೋ ನೆನಪಾಗಿ ಮತ್ತೆ ಕುಳಿತು, ಹೊಸದೊಂದು ಹೆಸರನ್ನು ಸಾಲಿನ ತುದಿಗೆ ತಂದು, ನೊಣದ ಕೀಲಿಯನ್ನು ಎರಡು ಸಲ ಒತ್ತಿದರು. ತೆರೆ ಬೆಳ್ಳಗಾಯಿತು.

"ಬಿತ್ತು ಪುತಾ, ಬಿತ್ತು!" ಎಂದು ಕೂಗಿದರು, ಲಾಟರಿ ಹೊಡೆದವರಂತೆ. "ಲೋಕಯ್ಯ, ಬನ್ನಿ! ಬನ್ಸ್ ನನ್ನ ಲೆಕ್ಕ!"

ಪಕ್ಕದ ಕೋಣೆಯ ಹೊಲಿಗೆ ಯಂತ್ರ ನಿಂತಿತು. ಇರ್ವಿನ್ ಪುಸ್ತಕ ತೆರೆದು, ಮೊದಲು ಅಕ್ಷರವನ್ನು ಬರೆದುಕೊಂಡ. ಮೋಡವಿತ್ತೋ ಇಲ್ಲವೋ, ಅವನು ಹೊರಗೆ ನೋಡಲೇ ಇಲ್ಲ.